ಸಹಾಯ ಬೇಕು: ಸುಂಡಿಲಿಯ ಯಕೃತ್ತಿನಲ್ಲಿ ಕೊಬ್ಬು ತುಂಬಿದೆ, ಕಾಯಿಲೆ ಮುಂದುವರಿಯುತ್ತಿಲ್ಲ

ಬಳಗದ ಹಿರಿಯರಿಗೆ ನಮಸ್ಕಾರ. ನಾನು ಬದಿಯಡ್ಕದ ಸಂಶೋಧನಾ ವಿದ್ಯಾರ್ಥಿನಿ; ಕೊಬ್ಬಿನ ಯಕೃತ್ತು ಕ್ಯಾನ್ಸರಿಗೆ ತಿರುಗುವ ಬಗೆಯನ್ನು ಅಧ್ಯಯನ ಮಾಡುತ್ತಿದ್ದೇನೆ. ದೊಡ್ಡಪ್ಪ ಇದೇ ಕಾಯಿಲೆಯಿಂದ ತೀರಿಕೊಂಡದ್ದರಿಂದ ಇದು ನನಗೆ ಬರಿಯ ಪ್ರಬಂಧವಲ್ಲ.

ಶೇ. 60ರಷ್ಟು ಕ್ಯಾಲೊರಿ ಕೊಬ್ಬಿನಿಂದಲೇ ಬರುವ ಆಹಾರವನ್ನು ಸಿ57ಬಿಎಲ್/6 ತಳಿಯ ಗಂಡು ಸುಂಡಿಲಿಗಳಿಗೆ 24 ವಾರ ಕೊಟ್ಟೆ. ಅವು ದಪ್ಪಗಾದವು, ಯಕೃತ್ತು ಮಾಸಲು ಹಳದಿಗೆ ತಿರುಗಿತು, ಸೂಕ್ಷ್ಮದರ್ಶಕದಲ್ಲಿ ಕೊಬ್ಬಿನ ಹನಿಗಳಿದ್ದ ಜಾಗ ಬಿಳಿ ಗುಳ್ಳೆಗಳಂತೆ ಕಂಡಿತು. ಆದರೆ ನಾರನ್ನು ಎತ್ತಿ ತೋರಿಸುವ ಸಿರಿಯಸ್ ರೆಡ್ ಬಣ್ಣ ಹಾಕಿದರೂ ಕೊಲಾಜನ್ ನಾರಿನ ಎಳೆಗಳು ಹೆಚ್ಚಾಗಿ ಕಾಣಲಿಲ್ಲ; ಅಂದರೆ ಕಾಯಿಲೆ ಮುಂದಿನ ಹಂತವಾದ ನಾರುಗಟ್ಟುವಿಕೆಗೆ ಹೋಗಲಿಲ್ಲ. ಮೆಥಿಯೊನಿನ್ ಮತ್ತು ಕೋಲಿನ್ ಎಂಬ ಪೋಷಕಾಂಶಗಳಿಲ್ಲದ ಆಹಾರ ಕೊಟ್ಟಾಗ ಯಕೃತ್ತು ನಾರುಗಟ್ಟಿತು, ಆದರೆ ಸುಂಡಿಲಿಗಳು ಸೊರಗಿದವು. ಬೊಜ್ಜಿನ ಮನುಷ್ಯರ ಕಾಯಿಲೆಗೆ ಅದು ಹೋಲುವುದಿಲ್ಲ. ಡೈಈಥೈಲ್‌ನೈಟ್ರೋಸಮೀನ್ ಎಂಬ ಕ್ಯಾನ್ಸರ್ ತರುವ ರಾಸಾಯನಿಕ ಚುಚ್ಚಿದರೆ ಗಡ್ಡೆ ಬರುತ್ತದೆ, ಆದರೆ ಅದು ಕೊಬ್ಬಿನಿಂದ ಬಂದದ್ದೋ ರಾಸಾಯನಿಕದಿಂದ ಬಂದದ್ದೋ ಎಂದು ಬೇರ್ಪಡಿಸುವಲ್ಲಿಯೇ ನಾನು ಸಿಕ್ಕಿಕೊಂಡಿದ್ದೇನೆ.

ಬೊಜ್ಜನ್ನು ಉಳಿಸಿಕೊಂಡೇ ನಾರುಗಟ್ಟುವಿಕೆಯನ್ನೂ ಗಡ್ಡೆಯನ್ನೂ ತೋರಿಸಲು ಫ್ರಕ್ಟೋಸ್ ಮತ್ತು ಕೊಲೆಸ್ಟರಾಲ್ ಸೇರಿಸಿದ ಆಹಾರವನ್ನು ನೀವು ಯಾರಾದರೂ ಬಳಸಿದ್ದೀರಾ, ಬಳಸಿದ್ದರೆ ಎಷ್ಟು ವಾರ ಕೊಡಬೇಕಾಯಿತು?