ಶಾಲೆ ಬಿಟ್ಟ ಮೇಲಿನ ಡೇಕೇರ್: ನೋಡಲು ಹೋದಾಗ ಏನೇನು ಕೇಳಬೇಕು?

ಮಳೆಹನಿ:
ಮಗಳಿಗೆ 7 ವರ್ಷ. ಶಾಲೆ 3:30ಕ್ಕೆ ಬಿಡುತ್ತದೆ, ನಾವಿಬ್ಬರೂ ಕೆಲಸ ಮುಗಿಸಿ ಬರುವಾಗ 6:30. ಅವಳಿಗೆ ಆಸ್ತಮಾ ಇದೆ, ಇನ್ಹೇಲರ್ ಹತ್ತಿರವೇ ಇರಬೇಕು. ಎರಡು ಡೇಕೇರ್ ನೋಡಿಟ್ಟಿದ್ದೇವೆ. ಒಂದರಲ್ಲಿ ಚಿತ್ರಕಲೆ, ಚೆಸ್, ಡಾನ್ಸ್ ಎಲ್ಲ ಇದೆ, ಇನ್ನೊಂದರಲ್ಲಿ ಬರೀ ಆಟ, ಹೋಮ್‌ವರ್ಕ್. ಯಾವುದನ್ನು ನೋಡಿ ನಿರ್ಧರಿಸಬೇಕು?

ಹಸಿರುಗರಿ:
ಚೆಸ್, ಡಾನ್ಸ್ ಆಮೇಲಿನ ಮಾತು. ಶಾಲೆಯ ಗೇಟಿನಿಂದ ಡೇಕೇರ್ ಬಾಗಿಲವರೆಗೆ ಮಗು ಯಾರ ಕೈಯಲ್ಲಿರುತ್ತದೆ ಅನ್ನೋದನ್ನು ಮೊದಲು ಕೇಳಿ. ದೊಡ್ಡ ಎಡವಟ್ಟುಗಳು ಆಗುವ ಜಾಗ ಅದು. ಮಗು ಕಾಣದಿದ್ದರೆ ಡೇಕೇರಿನವರು "ಇವತ್ತು ರಜೆ ಇರಬೇಕು" ಅಂದುಕೊಳ್ಳುತ್ತಾರೆ, ಶಾಲೆಯವರು "ಕರ್ಕೊಂಡು ಹೋಗಿರಬೇಕು" ಅಂದುಕೊಳ್ಳುತ್ತಾರೆ. "ಗೇಟಲ್ಲಿ ನನ್ನ ಮಗಳು ಸಿಗಲಿಲ್ಲ ಅಂದ್ರೆ ಏನು ಮಾಡ್ತೀರಿ?" ಅಂತ ನೇರವಾಗಿ ಕೇಳಿ. ಪಟ್ಟಿ ನೋಡಿ ಹೆಸರು ಕರೆಯುತ್ತೇವೆ, ಇಲ್ಲದಿದ್ದರೆ ಅಲ್ಲಿಂದಲೇ ಶಾಲೆಯ ಆಫೀಸಿಗೆ ಮತ್ತು ನಿಮಗೆ ಫೋನ್ ಮಾಡುತ್ತೇವೆ, ವಿಷಯ ಗೊತ್ತಾಗುವವರೆಗೆ ಒಬ್ಬರು ಗೇಟು ಬಿಟ್ಟು ಕದಲುವುದಿಲ್ಲ ಅನ್ನಬೇಕು. "ಹಾಗೆ ಯಾವತ್ತೂ ಆಗಿಲ್ಲ" ಅನ್ನುವುದು ಉತ್ತರವೇ ಅಲ್ಲ.

ಸಂಜೆಗೂ ಅಷ್ಟೇ. ಯಾರು ಯಾರು ಕರೆದೊಯ್ಯಬಹುದು ಅನ್ನುವ ಪಟ್ಟಿ ಬರಹದಲ್ಲಿರಬೇಕು, ಹೊಸ ಮುಖ ಬಂದರೆ ಗುರುತಿನ ಚೀಟಿ ನೋಡಬೇಕು. ಕೊನೆ ಗಳಿಗೆಯಲ್ಲಿ ಬದಲಾವಣೆ ಅಂತ ಕರೆ ಬಂದರೆ, ಅವರೇ ನಿಮ್ಮ ನೋಂದಾಯಿತ ನಂಬರಿಗೆ ವಾಪಸ್ ಮಾಡಿ ಖಚಿತಪಡಿಸಿಕೊಳ್ಳಬೇಕು.

ನೋಡಲು 11 ಗಂಟೆಗೆ ಕರೆದರೆ ಹೋಗಬೇಡಿ, ಖಾಲಿ ಕೋಣೆ ಎಲ್ಲವೂ ಚೆನ್ನಾಗೇ ಕಾಣುತ್ತದೆ. 5:45ಕ್ಕೆ ಹೋಗಿ. ಅಷ್ಟೊತ್ತಿಗೆ ಸಿಬ್ಬಂದಿ ಕಡಿಮೆಯಾಗಿರುತ್ತಾರೆ, ಮಕ್ಕಳು ದಣಿದಿರುತ್ತಾರೆ, ಚಿಕ್ಕವರು ದೊಡ್ಡವರೆಲ್ಲ ಒಂದೇ ಕೋಣೆಯಲ್ಲಿ. ತಲೆ ಎಣಿಸಿ. ಈ ವಯಸ್ಸಿಗೆ 10–12 ಮಕ್ಕಳಿಗೆ ಒಬ್ಬರಿದ್ದರೆ ಒಳ್ಳೆಯದು, 15 ದಾಟಿದರೆ ನನ್ನ ಪ್ರಕಾರ ಬೇಡ. ಅಡುಗೆಮನೆಯಲ್ಲಿ ಇರುವವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾಲ್ಕೇ ಮಕ್ಕಳು ಉಳಿದಿದ್ದರೂ ಇಬ್ಬರು ದೊಡ್ಡವರು ಇರಲೇಬೇಕು: ಒಂದು ಮಗು ಬಿದ್ದು ಏಟಾದರೆ ಒಬ್ಬರು ಅದರ ಜೊತೆ ಹೋಗುತ್ತಾರೆ, ಉಳಿದ ಮೂವರನ್ನು ನೋಡುವವರು ಯಾರು?

ಕಡಲತಡಿ:
ಇನ್ಹೇಲರ್ ಬಗ್ಗೆ. ಡೇಕೇರಿಗೆಂದೇ ಒಂದು ಬೇರೆ ಇನ್ಹೇಲರ್, ಒಂದು ಸ್ಪೇಸರ್ (ಇನ್ಹೇಲರಿಗೆ ಸಿಕ್ಕಿಸಿ ಉಸಿರೆಳೆಯುವ ಕೊಳವೆ) ಕೊಡಿ. ಹೆಸರು ಬರೆದು ಅಂಟಿಸಿ, ಎಕ್ಸ್‌ಪೈರಿ ದಿನಾಂಕ ನೀವೂ ಬರೆದಿಟ್ಟುಕೊಳ್ಳಿ. ಉಳಿದ ಔಷಧಿಗಳಿಗೆ ಬೀಗ ಇರಲಿ, ಇದಕ್ಕೆ ಮಾತ್ರ ಬೇಡ, ಕೀಲಿಕೈ ಇರುವವರು ಹೊರಗೆ ಹೋಗಿದ್ದರೆ ಕಥೆ ಮುಗಿಯಿತು. ಮೈದಾನಕ್ಕೆ ಹೋಗುವಾಗ ಅದೂ ಜೊತೆಗೆ ಹೋಗಬೇಕು. ಯಾವ ಲಕ್ಷಣಕ್ಕೆ ಎಷ್ಟು ಪಫ್, ಯಾವಾಗ ಆಂಬುಲೆನ್ಸ್ ಅನ್ನೋದನ್ನು ಡಾಕ್ಟರ್ ಹತ್ತಿರ ಬರೆಸಿ ಕೊಡಿ.

ಸಿಬ್ಬಂದಿಗೆ "ಒಮ್ಮೆ ಮಾಡಿ ತೋರಿಸಿ" ಅನ್ನಿ, ಸಂಕೋಚ ಬೇಡ. ಎರಡು ಪಫ್ ಒಟ್ಟಿಗೆ ಒತ್ತುವುದು ತುಂಬಾ ಸಾಮಾನ್ಯ ತಪ್ಪು, ಔಷಧಿ ಸ್ಪೇಸರ್ ಗೋಡೆಗೆ ಅಂಟಿ ಮಗುವಿಗೆ ಕಡಿಮೆ ಹೋಗುತ್ತದೆ. ಕುಲುಕಿ, ಒಂದೇ ಪಫ್ ಒತ್ತಿ, 4–6 ಸಲ ಉಸಿರಾಡಿಸಿ, ಆಮೇಲೆ ಇನ್ನೊಂದು. ಗೋಡೆಯಲ್ಲಿ ಬೂಷ್ಟು, ಹಳೇ ಕಾರ್ಪೆಟ್, ನೆಲ ಒರೆಸುವ ದ್ರವದ ಘಾಟು ಇದೆಯಾ ಅಂತಲೂ ನೋಡಿ.

ಮಳೆಹನಿ:
ತುಂಬಾ ಉಪಯೋಗವಾಯಿತು. ಚೆಸ್, ಡಾನ್ಸ್ ಇರುವವರು "ಹೋಮ್‌ವರ್ಕ್ ಪೂರ್ತಿ ಮುಗಿಸಿಯೇ ಕಳಿಸ್ತೀವಿ" ಅನ್ನುತ್ತಾರೆ. ಒಳ್ಳೆಯದಲ್ಲವಾ?

ದಾರಿದೀಪ:
ಎಚ್ಚರ. 20 ಮಕ್ಕಳ ಹೋಮ್‌ವರ್ಕ್ ದಿನಾ ಪೂರ್ತಿ ಮುಗಿಯಬೇಕಾದರೆ ಯಾರೋ ಉತ್ತರ ಹೇಳಿ ಬರೆಸುತ್ತಿರುತ್ತಾರೆ. ನೋಟ್‌ಬುಕ್ಕಲ್ಲಿ ಎಲ್ಲ ಸರಿ, ಪರೀಕ್ಷೆಯಲ್ಲಿ ಬಣ್ಣ ಬಯಲು. ಗದ್ದಲವಿಲ್ಲದ ಜಾಗ, ಅರ್ಧ ಗಂಟೆ, ಕೇಳಿದರೆ ಹೇಳಿಕೊಡುವ ಒಬ್ಬರು ಇದ್ದರೆ ಸಾಕು, ಉಳಿದದ್ದು ಮನೆಗೆ ಬರಲಿ. ಯಾವುದರ ನಂತರ ಯಾವುದು ಅನ್ನೋದನ್ನೂ ಕೇಳಿ: ಮೊದಲು ತಿಂಡಿ, ಆಮೇಲೆ 40 ನಿಮಿಷ ಓಡಾಟ, ಆಮೇಲೆ ಪುಸ್ತಕ. ಬಂದ ತಕ್ಷಣ ಕೂರಿಸಿದರೆ 20 ನಿಮಿಷದ ಕೆಲಸ ಒಂದು ಗಂಟೆ ಎಳೆಯುತ್ತದೆ. ಇಡೀ ದಿನ ಹೇಳಿದಂತೆ ಕೇಳಿ ಬಂದ 7 ವರ್ಷದ ಮಗುವಿಗೆ ಬರೀ ಆಟ ಕಮ್ಮಿಯೇನಲ್ಲ, ನಾನಾದರೆ ಎರಡನೆಯದನ್ನೇ ಮೊದಲು ನೋಡುತ್ತೇನೆ.

ಶಾಲೆ ಅರ್ಧ ದಿನ ಇದ್ದಾಗ, ರಜೆಯಲ್ಲಿ ತೆರೆದಿರುತ್ತಾರಾ, ತಡವಾದರೆ ಎಷ್ಟು ದಂಡ, ಬಿಡಲು ಎಷ್ಟು ದಿನ ಮುಂಚೆ ಹೇಳಬೇಕು ಇವೆಲ್ಲ ಬರಹದಲ್ಲಿ ಪಡೆಯಿರಿ.

ಹಸಿರುಗರಿ:
ಇನ್ನೊಂದು ಬಿಟ್ಟಿದ್ದೆ, ಶೌಚಾಲಯ. ಬಾಗಿಲಿಗೆ ಒಳಗಿಂದ ಚಿಲಕ ಇದೆಯಾ, ದೊಡ್ಡ ಮಕ್ಕಳ ಜೊತೆ ಹಂಚಿಕೊಳ್ಳಬೇಕಾ ನೋಡಿ. ಸೇರಿಸಿದ ಮೊದಲ 2–3 ವಾರ ಮಗಳು ಸುಸ್ತಾಗಿ, ಕಿರಿಕಿರಿ ಮಾಡುವುದು ಸಹಜ. ಆದರೆ ಮನೆಗೆ ಬಂದ ಕೂಡಲೇ ಬಾತ್‌ರೂಮಿಗೆ ಓಡುತ್ತಿದ್ದರೆ ಅಲ್ಲಿ ಹೋಗದೆ ತಡೆದುಕೊಳ್ಳುತ್ತಿರಬಹುದು, ಆಗ ಮೆಲ್ಲಗೆ ಕಾರಣ ಕೇಳಿ. "ಚೆನ್ನಾಗಿತ್ತಾ?" ಅಂದರೆ "ಹೂಂ" ಅಷ್ಟೇ ಸಿಗುತ್ತದೆ. "ಇವತ್ತು ಯಾರ ಪಕ್ಕ ಕೂತಿದ್ದೆ?" ಅಂತ ಶುರು ಮಾಡಿ.