ಪದಚರ್ಚೆ: ‘ಟ್ಯಾಕ್ಸ್ ಕ್ರೆಡಿಟ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ.
ಅಮೆರಿಕದಲ್ಲಿರುವ ಕನ್ನಡ ಹಿರಿಯರಿಗೆಂದು ಎರಡು ಪುಟದ ಕರಪತ್ರ ಸಿದ್ಧವಾಗುತ್ತಿದೆ. ಮನೆಗೆ ಹೊಸ ಕಿಟಕಿ, ಇನ್ಸುಲೇಷನ್ (ಶಾಖ ತಡೆಯುವ ಹೊದಿಕೆ), ಹೀಟ್ ಪಂಪ್ (ಮನೆಯನ್ನು ಬೆಚ್ಚಗೂ ತಂಪಾಗೂ ಇಡುವ ಯಂತ್ರ) ಹಾಕಿಸಿದವರಿಗೆ ಅಲ್ಲಿನ ತೆರಿಗೆ ಕಾನೂನಿನ 25ಸಿ ಕಲಮಿನಡಿ ಸಿಗುವ ಟ್ಯಾಕ್ಸ್ ಕ್ರೆಡಿಟ್ ಕುರಿತದ್ದು. 2025ರ ರಿಟರ್ನ್‌ಗೇ ಇದು ಕೊನೆ. ಯಂತ್ರಾನುವಾದ ‘ತೆರಿಗೆ ಸಾಲ’ ಎಂದು ಕೊಟ್ಟಿತು! ವಿನಾಯಿತಿ, ಕಡಿತ, ಜಮೆ: ಯಾವುದು ಸರಿ? ಕರಡನ್ನು ಇದರೊಂದಿಗೆ ಹಾಕಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು.

———
> ಯಾವುದು ಸರಿ?

ವಿನಾಯಿತಿ. ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಇದರಲ್ಲಿ ಚರ್ಚೆ ಏನಿದೆ?

———
ಇದೆ ಸರ್. ವಿನಾಯಿತಿ ಎಂದರೆ ಆ ಆದಾಯಕ್ಕೆ ತೆರಿಗೆಯೇ ಬೀಳದು. ಕಡಿತ ಆದಾಯದಲ್ಲಿ ಕಳೆಯುವುದು, ಭಾರತದ 1961ರ ಆದಾಯ ತೆರಿಗೆ ಕಾಯ್ದೆಯ 80ಸಿ ಹಾಗೆ. ಕ್ರೆಡಿಟ್ ಕಳೆಯುವುದು ಲೆಕ್ಕ ಮುಗಿದ ಮೇಲೆ ಉಳಿದ ತೆರಿಗೆಯಲ್ಲೇ, ಅದೇ ಕಾಯ್ದೆಯ 87ಎ ಹಾಗೆ. 22% ಹಂತದವರಿಗೆ 1,000 ಡಾಲರ್ ಕಡಿತದಿಂದ ಉಳಿಯುವುದು 220; 1,000 ಡಾಲರ್ ಕ್ರೆಡಿಟ್‌ನಿಂದ ಪೂರಾ 1,000.

‘ರಿಯಾಯಿತಿ’ಯನ್ನೂ ಇಲ್ಲಿ ಖರ್ಚು ಮಾಡಬೇಡಿ, ವಿದ್ಯುತ್ ಕಂಪನಿ ಕೊಡುವ ರಿಬೇಟ್‌ಗೆ ಆ ಪದ ಬೇಕು. ಕಿಟಕಿಗಳ ಬೆಲೆ 2,400, ಕಂಪನಿಯ ರಿಯಾಯಿತಿ 400 ಎನ್ನಿ. ಮೊದಲು ಅದನ್ನು ಕಳೆದು, ಉಳಿದ 2,000ಕ್ಕೆ 30% ಹಾಕಬೇಕು: 600. ಕಿಟಕಿಗೆ ವರ್ಷದ ಮಿತಿಯೂ ಅಷ್ಟೇ. ಎರಡಕ್ಕೂ ಒಂದೇ ಪದ ಇಟ್ಟರೆ ಈ ಸಾಲನ್ನು ಬರೆಯಲಿಕ್ಕೇ ಆಗದು.

———
ತೆಱು ಧಾತುವನ್ನೇ ಎಲ್ಲರೂ ಮರೆತಿದ್ದೀರಿ. ತೆಱು, ತೆತ್ತ, ತೆರ, ತೆರಿಗೆ. ತಮಿಳಿನ ತಿಱೈ ಇದರದೇ ಬಳಗ. ಇಷ್ಟು ಅಚ್ಚ ಪದದ ಬೆನ್ನಿಗೆ ಅರಬ್ಬಿ ‘ಜಮೆ’ಯನ್ನು ಕಟ್ಟುವುದೇಕೆ? ‘ತೆರಿಗೆ ಮುರಿತ’ ಎನ್ನಿ. ಹೀಟ್ ಪಂಪ್‌ಗೆ ‘ಬಿಸುಪೆತ್ತುಗ’.

———
ಮುರಿತ ಎಂದರೆ ಮೂಳೆಯ ನೆನಪು ಬರುತ್ತದೆ. ಬಿಸುಪೆತ್ತುಗವನ್ನು ಯಾವ ಅಂಗಡಿಯಲ್ಲಿ ಕೇಳೋಣ? ಬಾಕಿ, ಖಾತೆ, ರಸೀದಿ, ವಸೂಲಿ ಎಲ್ಲ ಹೊರಗಿಂದ ಬಂದವೇ. ಬಾಕಿ ಅರಬ್ಬಿ ಪದವೆಂದು ತೀರಿಸದೆ ಬಿಡುತ್ತೀರಾ? ‘ಜಮೆ’ ಸಾಕು.

———
ಅರಬ್ಬಿ ಎಂಬ ತಕರಾರು ನನಗಿಲ್ಲ, ಆದರೂ ಜಮೆ ಬೇಡ. ಗೃಹಲಕ್ಷ್ಮಿ ಹಣ ಖಾತೆಗೆ ‘ಜಮೆ’ ಆಗುವ ಕಾಲ ಇದು. ಹಿರಿಯರು ಬ್ಯಾಂಕಿಗೆ ದುಡ್ಡು ಬರುತ್ತದೆಂದು ಕಾಯುತ್ತಾರೆ. 25ಸಿ ಹಾಗಲ್ಲ: ಕಟ್ಟಬೇಕಾದ ತೆರಿಗೆ 500, ಕ್ರೆಡಿಟ್ 900 ಇದ್ದರೆ ತೆರಿಗೆ ಸೊನ್ನೆಯಾಗುತ್ತದೆ, ಉಳಿದ 400 ಕೈಗೂ ಬರದು, ಮುಂದಿನ ವರ್ಷಕ್ಕೂ ಹೋಗದು. ಸೋಲಾರ್‌ಗಿದ್ದ 25ಡಿ ಕಲಮಿನಲ್ಲಾದರೆ (ಅದೂ 2025ಕ್ಕೇ ಮುಗಿಯಿತು) ಉಳಿದದ್ದನ್ನು ಮುಂದಕ್ಕೆ ಒಯ್ಯಬಹುದು.

ಕಿರಾಣಿ ಅಂಗಡಿಯಲ್ಲಿ ‘ಹಳೇ ಬಾಕಿಯಲ್ಲಿ ಮುರಿದುಕೊಳ್ಳಿ’ ಎನ್ನುತ್ತೇವಲ್ಲ, ಲೆಕ್ಕ ಅದೇ. ನಾಮಪದ ಕಡೆಯಲು ಹೋಗದೆ ಕ್ರಿಯಾಪದ ಇಟ್ಟುಕೊಳ್ಳಿ: ‘ತೆರಿಗೆಯಲ್ಲಿ ಮುರಿದುಕೊಳ್ಳುವ ಮೊತ್ತ’.

———
> ತೆರಿಗೆಯಲ್ಲಿ ಮುರಿದುಕೊಳ್ಳುವ ಮೊತ್ತ

ಇದು ಪದವಲ್ಲ, ವಿವರಣೆ. ತಲೆಬರಹಕ್ಕೆ ಹಿಡಿಸುತ್ತದೆಯೇ? ‘ತೆರಿಗೆ ವಜಾ’ ಎನ್ನೋಣವೇ?

———
ವಜಾ ಎಂದರೆ ಕೆಲಸದಿಂದ ತೆಗೆದರು ಎಂದೇ ಓದಿಕೊಳ್ಳುತ್ತಾರೆ. ಬೇಡ.

ಪದಕ್ಕಿಂತ ಮುಖ್ಯವಾದ ತಪ್ಪೊಂದು ನೀವು ಹಾಕಿದ ಕರಡಿನಲ್ಲಿದೆ. ‘2025ರ ಡಿಸೆಂಬರ್ 31ರೊಳಗೆ ಖರೀದಿಸಿದ’ ಎಂದಿದೆ. ‘ಅಳವಡಿಸಿ ಮುಗಿದ’ ಎಂದಾಗಬೇಕು. ನವೆಂಬರಿನಲ್ಲಿ ಮುಂಗಡ ಕೊಟ್ಟು ಜನವರಿಯಲ್ಲಿ ಕೂರಿಸಿದ್ದರೆ ಏನೂ ಸಿಗದು. ‘ವೆಚ್ಚ’ ಎಂದಷ್ಟೇ ಬರೆದರೂ ಎಡವಟ್ಟು. ಕಿಟಕಿ, ಬಾಗಿಲು, ಇನ್ಸುಲೇಷನ್‌ಗೆ ಸಾಮಾನಿನ ಬೆಲೆ ಮಾತ್ರ, ಕೂಲಿ ಸೇರದು. ಹೀಟ್ ಪಂಪ್‌ಗೆ ಕೂಲಿಯೂ ಸೇರುತ್ತದೆ: 9,000ಕ್ಕೆ 30% ಎಂದರೆ 2,700, ಸಿಗುವುದು ಮಾತ್ರ ಮಿತಿಯಾದ 2,000. ಬಾಗಿಲಿಗೆ ತಲಾ 250, ಎಲ್ಲ ಬಾಗಿಲು ಸೇರಿ 500. ಹೀಟ್ ಪಂಪ್ ಬಿಟ್ಟು ಈ ಉಳಿದವೆಲ್ಲ ಕೂಡಿ ವರ್ಷಕ್ಕೆ 1,200. ಕಿಟಕಿ, ಬಾಗಿಲು, ಹೀಟ್ ಪಂಪ್‌ಗೆ ತಯಾರಕರ ನಾಲ್ಕಕ್ಷರದ ಸಂಕೇತವನ್ನು ರಿಟರ್ನ್ ಜೊತೆ ಕೊಡುವ 5695 ನಮೂನೆಯಲ್ಲಿ ತುಂಬಬೇಕು, ಇನ್ಸುಲೇಷನ್‌ಗೆ ಬೇಡ.

———
ಉಪಕಾರವಾಯಿತು. ತಲೆಬರಹದಲ್ಲಿ ‘ಟ್ಯಾಕ್ಸ್ ಕ್ರೆಡಿಟ್’ ಎಂದೇ ಇಟ್ಟೆ, ನಮೂನೆಯಲ್ಲಿ ಹುಡುಕುವವರಿಗೆ ಅದೇ ಬೇಕು. ಒಳಗೆಲ್ಲ ‘ತೆರಿಗೆಯಲ್ಲಿ ಮುರಿದುಕೊಳ್ಳುವ ಮೊತ್ತ’. ‘ಖರೀದಿಸಿದ’ ತಿದ್ದಿದೆ, ಕೂಲಿಯ ಮಾತು ದಪ್ಪಕ್ಷರದಲ್ಲಿದೆ.

———
ಕಡೆಗೂ ಇಂಗ್ಲಿಷೇ. ಇಷ್ಟಕ್ಕೆ ಕೇಳಿದ್ದೇಕೆ?