ನಂಬಿಕೆ ಸಾಲದ್ದರಿಂದಲೇ ರೋಗ ವಾಸಿಯಾಗಲಿಲ್ಲವೇ?

ಪ್ರಶ್ನೆ (ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯ ಸದಸ್ಯೆ)

ನನ್ನ ಅತ್ತಿಗೆಯವರ ಎರಡೂ ಮೂತ್ರಪಿಂಡಗಳು ಕೆಟ್ಟು ಡಯಾಲಿಸಿಸ್ ನಡೆಯುತ್ತಿದೆ. ಕಾಯಿಲೆ ಬಂದ ಮೇಲೆ ಅವರು ನಮ್ಮ ಸಭೆಯನ್ನು ಬಿಟ್ಟು ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದ್ದಾರೆ. ದಶಮಾಂಶವನ್ನು (ಹತ್ತರಲ್ಲೊಂದು ಪಾಲನ್ನು) ತಂದರೆ ದೇವರು ಆಶೀರ್ವಾದ ಸುರಿಸುವನೆನ್ನುವ ಮಲಾಕಿಯ 3:10ನ್ನು ಅಲ್ಲಿಯ ಪಾಸ್ಟರ್ ಓದಿ, ಚಿಕಿತ್ಸೆಗೆಂದು ಸಾಲ ತಂದ ಹಣದಲ್ಲಿಯೂ ದಶಮಾಂಶ ಕೊಡಬೇಕೆನ್ನುತ್ತಾರೆ. ಗುಣವಾಗದಿದ್ದಾಗ, ಮನಸ್ಸಿನಲ್ಲಿ ಎಲ್ಲೋ ಸಂಶಯ ಉಳಿದಿದೆ ಎಂದರಂತೆ. ಬಾಯಿಂದ ಹೇಳಿದ್ದೇ ನಿಜವಾಗುತ್ತದೆಂಬ ಭಯದಿಂದ ಅತ್ತಿಗೆ ಈಗ ನೋವಿದೆ ಎಂದು ಹೇಳುವುದನ್ನೂ ನಿಲ್ಲಿಸಿದ್ದಾರೆ. ಈ ಬೋಧನೆಗೆ ವಾಕ್ಯದ ಆಧಾರವಿದೆಯೇ? ಓದಿ ತಿಳಿದ ಅವರು ಇದನ್ನು ಇಷ್ಟು ಬಿಗಿಯಾಗಿ ಹಿಡಿದುಕೊಂಡಿರುವುದೇಕೆ?

ಉತ್ತರ 1 (ದೈವಶಾಸ್ತ್ರದ ವಿದ್ಯಾರ್ಥಿ)

ಸಹೋದರಿಯವರಿಗೆ ಕರ್ತನಲ್ಲಿ ವಂದನೆಗಳು. ಈ ಬೋಧನೆ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ರೂಪುಗೊಂಡದ್ದು. ಬಾಯಿಂದ ಅರಿಕೆಮಾಡಿದ್ದು ಕೈಗೂಡುತ್ತದೆಂಬುದನ್ನು ಅಲ್ಲಿಯ ಬೋಧಕ ಕೆನೆತ್ ಹೇಗಿನ್ ಹರಡಿದರು. ಕಾಣಿಕೆಯೆಂಬುದು ಬೀಜ, ಅದರ ಬೆಳೆಯನ್ನು ದೇವರಿಂದ ನಿರೀಕ್ಷಿಸಬೇಕು ಎಂದು ಓರಲ್ ರಾಬರ್ಟ್ಸ್ ಕಲಿಸಿದರು. ಇದೇ ರಾಬರ್ಟ್ಸ್ ಪ್ರಾರ್ಥನೆಯನ್ನೂ ವೈದ್ಯಕೀಯವನ್ನೂ ಒಂದುಗೂಡಿಸಲೆಂದು ಟಲ್ಸಾ ನಗರದಲ್ಲಿ 1981ರಲ್ಲಿ ತೆರೆದ ಭಾರೀ ಆಸ್ಪತ್ರೆಯನ್ನು ಸಾಲದ ಹೊರೆಯಿಂದ 1989ರಲ್ಲಿ ಮುಚ್ಚಬೇಕಾಯಿತು. ಬೋಧಕರ ಆಸ್ಪತ್ರೆಯೇ ಸಾಲದಲ್ಲಿ ಮುಳುಗಬಹುದಾದರೆ, ನಿಮ್ಮ ಅತ್ತಿಗೆಯವರ ಕಷ್ಟಕ್ಕೆ ಅವರ ಸಂಶಯವನ್ನೇ ಕಾರಣವೆನ್ನುವುದು ಯಾವ ನ್ಯಾಯ?

ಮಲಾಕಿಯನನ್ನು ಓದುವವರು ಧರ್ಮೋಪದೇಶಕಾಂಡದ 14ನೆಯ ಅಧ್ಯಾಯವನ್ನೂ ಓದಬೇಕು. ಮೂರನೆಯ ವರ್ಷದ ದಶಮಾಂಶವು ದೇವಾಲಯದ ಸೇವೆಯ ಕುಲದವರಾದ ಲೇವಿಯರಿಗೆ ಮಾತ್ರವಲ್ಲದೆ ಪರದೇಶಿಗಳಿಗೂ ಅನಾಥರಿಗೂ ವಿಧವೆಯರಿಗೂ ಸೇರಬೇಕಾದದ್ದು. ಸಾಲ ಮಾಡಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಆ ಲೆಕ್ಕದಲ್ಲಿ ಕೊಡುವವರ ಸಾಲಿಗಿಂತ ಪಡೆಯುವವರ ಸಾಲಿಗೇ ಹತ್ತಿರ. ಇನ್ನು ನೋವನ್ನು ಬಾಯಿಬಿಟ್ಟು ಹೇಳಬಾರದೆನ್ನುವವರು 88ನೆಯ ಕೀರ್ತನೆಯನ್ನು ಏನು ಮಾಡುತ್ತಾರೋ ಕಾಣೆ. ಅದು ಮೊರೆಯಿಂದ ಆರಂಭವಾಗಿ, ಯಾವ ಸಮಾಧಾನವೂ ದೊರೆಯದೆ ಕತ್ತಲಲ್ಲೇ ಮುಗಿಯುತ್ತದೆ. ಯೋಬನ ಕಷ್ಟಕ್ಕೆ ಅವನ ಪಾಪವನ್ನೇ ಕಾರಣವೆಂದ ಸ್ನೇಹಿತರ ಮೇಲೆ ಕೊನೆಯಲ್ಲಿ ದೇವರು ಕೋಪಗೊಂಡರೇ ಹೊರತು, ಗೋಳಾಡಿದ ಯೋಬನ ಮೇಲಲ್ಲ.

ಉತ್ತರ 2 (ಬೆಂಗಳೂರಿನಿಂದ)

ಮೇಲಿನವರು ಹೇಳಿದ್ದು ಸರಿ, ಆದರೆ ಎರಡನೆಯ ಪ್ರಶ್ನೆಗೆ ಉತ್ತರ ಬರಲಿಲ್ಲ. ನೈಜೀರಿಯದ ಓಟಾದಲ್ಲಿ, ಇದೇ ಬಗೆಯ ಬೋಧನೆಯ ಡೇವಿಡ್ ಒಯೆಡೆಪೊ ಅವರ ಸಭೆಯು 1999ರಲ್ಲಿ 50,000 ಆಸನಗಳ ಆಲಯವನ್ನು ಕಟ್ಟಿತು; 2005ರ ಜನವರಿಯಲ್ಲಿ ರೋಗ ವಾಸಿಮಾಡುವ ಪ್ರಾರ್ಥನೆಗೆ ಹೆಸರಾದ ಬೋಧಕ ಬೆನ್ನಿ ಹಿನ್ ಬಂದಾಗ ನಮ್ಮ ಜಕ್ಕೂರಿನಲ್ಲಿಯೂ ಜನಸಾಗರ ಸೇರಿತ್ತು. ಅಲ್ಲಿಗೆ ಬಂದವರನ್ನೆಲ್ಲ ದಡ್ಡರೆನ್ನಲಾಗದು. ಆಸ್ಪತ್ರೆಯ ಬಿಲ್ಲು, ಮನೆಬಾಡಿಗೆ, ಮಗನ ಕೆಲಸ ಇವೆಲ್ಲವೂ ದೇವರಿಗೆ ಸಂಬಂಧಿಸಿದ ವಿಷಯಗಳೇ ಎಂದು ಆ ಪಾಸ್ಟರುಗಳು ಒತ್ತಿ ಹೇಳುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ನಮ್ಮ ಹಳೆಯ ಸಭೆಗಳಲ್ಲಿ ‘ಶಿಲುಬೆಯನ್ನು ಹೊರಬೇಕು’ ಎಂಬ ಪ್ರಸಂಗ ಕೇಳಿ ಮನೆಗೆ ಬರುವುದಷ್ಟೇ. ಕಾಯಿಲೆ ಬಿದ್ದಾಗ ನಿಮ್ಮ ಸಭೆಯಿಂದ ಅವರ ಮನೆಗೆ ಯಾರು ಹೋಗಿದ್ದರು ಎಂಬುದನ್ನು ಮೊದಲು ಕೇಳಿಕೊಳ್ಳಿ.

ಉತ್ತರ 3 (ನಿವೃತ್ತ ಸಭಾಪಾಲಕ)

ಬೆಂಗಳೂರಿನವರ ಮಾತು ಚುಚ್ಚುತ್ತದೆ, ಚುಚ್ಚಬೇಕಾದದ್ದೇ. ಆದರೆ ಕೈಯಿಟ್ಟು ಪ್ರಾರ್ಥಿಸಿದವರೇ ಗುಣವಾಗದಾಗ ರೋಗಿಯ ಮೇಲೆ ತಪ್ಪು ಹೊರಿಸಿದರೆ ಆ ಆತ್ಮೀಯತೆಗೆ ಬೆಲೆ ಏನು? ಘಾನಾದ ಅಕ್ರೊಪಾಂಗ್‌ನಲ್ಲಿ 2008 ಮತ್ತು 2009ರಲ್ಲಿ ಸೇರಿದ ಲೌಸಾನ್ ಚಳವಳಿಯ (ಸುವಾರ್ತಾ ಕ್ರೈಸ್ತರ ಅಂತರರಾಷ್ಟ್ರೀಯ ಚಳವಳಿಯ) ಆಫ್ರಿಕನ್ ದೈವಶಾಸ್ತ್ರಜ್ಞರು ದೇವರ ಅದ್ಭುತಕಾರ್ಯಗಳನ್ನು ಅಲ್ಲಗಳೆಯಲಿಲ್ಲ. ಬಡತನವನ್ನೂ ರೋಗವನ್ನೂ ಯಾವಾಗಲೂ ಶಾಪವೆಂದೋ ನಂಬಿಕೆಯ ಕೊರತೆಯೆಂದೋ ಎಣಿಸುವುದನ್ನು ಮಾತ್ರ ತಿರಸ್ಕರಿಸಿದರು. ಈ ಬೋಧನೆಯನ್ನು ಹತ್ತಿರದಿಂದ ಕಂಡವರ ತೀರ್ಪಾದ್ದರಿಂದ ನನಗೆ ಅದರಲ್ಲಿ ಹೆಚ್ಚು ಭರವಸೆ.

ಸಹೋದರಿ, ಆ ಪಾಸ್ಟರನ್ನು ಖಂಡಿಸಲು ಹೋಗಬೇಡಿ. ಡಯಾಲಿಸಿಸ್ ದಿನ ಜೊತೆಗೆ ಹೋಗಿ ಕುಳಿತುಕೊಳ್ಳಿ. ಅವರಿಗೆ ಇಷ್ಟವಿದ್ದರೆ 88ನೆಯ ಕೀರ್ತನೆಯನ್ನು, ವಿವರಣೆಯಿಲ್ಲದೆ, ಓದಿ. ದಶಮಾಂಶದ ವಿಷಯವನ್ನು ನಿಮ್ಮ ಅಣ್ಣನವರೇ ಎತ್ತಲಿ. ನಾದಿನಿಯ ಬಾಯಿಂದ ಬಂದರೆ ಅದು ಮನೆಯ ಜಗಳವಾಗಿಯೇ ಕೇಳಿಸುತ್ತದೆ.